ಪಟ್ಟಿ ನಂಬಿ ಕೂತರೆ ರೋಗ ಕಾಯುವುದಿಲ್ಲ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ ಕಾಡು ಹೊಗುವ ಮುನ್ನ ಸಿಗುವ ಊರು ಮದ್ದೂರು. ಮಂಡ್ಯ ಜಿಲ್ಲೆಯ ಮದ್ದೂರಲ್ಲ, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ತನ್ನ ಹೆಸರು ಕೊಟ್ಟ ಮದ್ದೂರು. ಇಲ್ಲಿನ ಚೆಕ್‌ಪೋಸ್ಟ್ ದಾಟಿದರೆ ಮೂಲೆಹೊಳೆ, ಆಮೇಲೆ ಕೇರಳದ ಮುತ್ತಂಗ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ದಾರಿಯಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. ಹಗಲಿಡೀ ತರಕಾರಿ ಲಾರಿ, ಚೆಂಡುಹೂವಿನ ಗಾಡಿ, ಶುಂಠಿ ಹೊಲಕ್ಕೆ ಹೋಗುವ ಕೂಲಿಯವರ ಜೀಪು, ಪ್ರವಾಸಿಗರ ಕಾರು ಸಾಲುಗಟ್ಟುತ್ತವೆ. ಕೋವಿಡ್ ಕಾಲದಲ್ಲಿ ಈ ಗಡಿಯಲ್ಲಿ ಆರ್‌ಟಿಪಿಸಿಆರ್ ವರದಿ ಕೇಳುತ್ತಿದ್ದರು. ಕೇರಳದಲ್ಲಿ ನಿಫಾ ಕಾಣಿಸಿಕೊಂಡರೆ ಜ್ವರ ನೋಡುವ ಸಿಬ್ಬಂದಿ ಬಂದು ನಿಲ್ಲುತ್ತಾರೆ. ರೋಗ ಗಡಿ ದಾಟುವುದೆಂದರೆ ಏನೆಂದು ಈ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಗಡಿಯೂರುಗಳ ವಿಷಯ ಬಂದಾಗ ಇತ್ತೀಚೆಗೆ ಒಂದು ಮಾತು ಬಹಳ ಆತ್ಮವಿಶ್ವಾಸದಿಂದ ಕೇಳಿಬರುತ್ತಿದೆ. ಲಸಿಕೆಯ ದಾಖಲೆಯೆಲ್ಲ ಈಗ ಕಂಪ್ಯೂಟರಿಗೆ ಏರಿದೆ. ಕೋವಿನ್ ಇತ್ತು, ಅದರ ಬೆನ್ನಿಗೆ ಮಕ್ಕಳಿಗೂ ಗರ್ಭಿಣಿಯರಿಗೂ ಯು-ವಿನ್ ಬಂದಿದೆ. ನಾಳೆ ಯಾರಾದರೂ ರೋಗಾಣುವನ್ನೇ ಆಯುಧ ಮಾಡಿಕೊಂಡು ದಾಳಿ ಮಾಡಿದರೆ ಯಾರಿಗೆ ರಕ್ಷಣೆಯಿದೆ, ಯಾರಿಗಿಲ್ಲ, ಲಸಿಕೆ ಮೊದಲು ಎಲ್ಲಿಗೆ ಹೋಗಬೇಕು ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಆದ್ದರಿಂದ ಲಸಿಕೆ ನೋಂದಣಿಯನ್ನು ದೇಶದ ಭದ್ರತೆಯ ಭಾಗವಾಗಿಯೇ ಕಟ್ಟಬೇಕು. ಆಡಳಿತ ಬಲ್ಲವರೂ ತಂತ್ರಜ್ಞಾನ ಬಲ್ಲವರೂ ಇದಕ್ಕೆ ತಲೆದೂಗುತ್ತಾರೆ. ಬೇಡವೆನ್ನಲು ಮೇಲ್ನೋಟಕ್ಕೆ ಕಾರಣವೂ ಕಾಣುವುದಿಲ್ಲ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಲಸಿಕೆಯ ದಾಖಲೆ ಬೇಕು, ಈಗಿರುವುದಕ್ಕಿಂತ ಎಷ್ಟೋ ಚೆನ್ನಾಗಿ ಬೇಕು. ಜೈವಿಕ ದಾಳಿಯ ಹೆಸರಿನಲ್ಲಿ ಅದನ್ನು ಕಟ್ಟಹೊರಟರೆ ಮಾತ್ರ ದಾಳಿಯನ್ನು ತಡೆಯುವುದೂ ಆಗುವುದಿಲ್ಲ, ಇವತ್ತು ಅದು ಮಾಡುತ್ತಿರುವ ಕೆಲಸವೂ ಕೆಡುತ್ತದೆ.

ಈ ಯೋಚನೆ ಹುಟ್ಟಿದ್ದು ನಮ್ಮಲ್ಲಿ ಅಲ್ಲ. 2001ರ ಶರತ್ಕಾಲದಲ್ಲಿ ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಕಳಿಸಿದರು. 22 ಮಂದಿಗೆ ರೋಗ ತಗುಲಿತು, 5 ಮಂದಿ ಸತ್ತರು. ಆ ಭಯದಲ್ಲಿ ಅಲ್ಲಿನ ಆರೋಗ್ಯ ಇಲಾಖೆಗಳು ಮಕ್ಕಳ ಲಸಿಕೆಗೆಂದು ಕಟ್ಟಿದ್ದ ನೋಂದಣಿಗಳನ್ನು ಭದ್ರತೆಯ ಕಣ್ಣಿನಿಂದ ನೋಡಲು ಶುರುಮಾಡಿದವು. 2002ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಿಡುಬಿನ ದಾಳಿಗೆ ಸಿದ್ಧರಾಗೋಣವೆಂದು ಲಸಿಕೆ ಕಾರ್ಯಕ್ರಮ ಘೋಷಿಸಿದರು. ಮೊದಲ ಹಂತದಲ್ಲಿ ಸುಮಾರು 5 ಲಕ್ಷ ಆರೋಗ್ಯ ಸಿಬ್ಬಂದಿಗೆ ಲಸಿಕೆ ಹಾಕುವುದು ಗುರಿ. ಹಾಕಿಸಿಕೊಂಡವರು 40,000ವನ್ನೂ ಮುಟ್ಟಲಿಲ್ಲ. ಹಣವಿತ್ತು, ಲಸಿಕೆಯಿತ್ತು, ಹಾಕಿಸಿಕೊಂಡವರ ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆಯೂ ಇತ್ತು. ಲಸಿಕೆಯಿಂದ ತೊಂದರೆಯಾದರೆ ಪರಿಹಾರ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಆರಂಭದಲ್ಲಿ ಉತ್ತರವಿರಲಿಲ್ಲ. ಕೆಲವರಲ್ಲಿ ಹೃದಯದ ಸ್ನಾಯುವಿನ ಉರಿಯೂತ ಕಾಣಿಸಿತು. ಅಪಾಯ ನಿಜವೇ ಎಂಬ ಅನುಮಾನವೂ ಬೆಳೆಯಿತು. ದಾದಿಯರೂ ವೈದ್ಯರೂ ತೋಳು ಚಾಚಲಿಲ್ಲ. ಆ ಕಾರ್ಯಕ್ರಮ ಸೋತದ್ದು ಪಟ್ಟಿಯಲ್ಲಲ್ಲ, ನಂಬಿಕೆಯಲ್ಲಿ.

ಇನ್ನು ಪಟ್ಟಿಯೊಳಗೆ ಏನಿದೆ ನೋಡೋಣ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಜೈವಿಕ ದಾಳಿಗೆ ಅತಿ ಅಪಾಯಕಾರಿ ಎಂದು ಎಣಿಸಿರುವವು ಆರು: ಸಿಡುಬು, ಆಂಥ್ರಾಕ್ಸ್, ಪ್ಲೇಗು, ಬಾಟುಲಿಸಂ ವಿಷ, ಟುಲರೀಮಿಯಾ, ರಕ್ತಸ್ರಾವದ ವೈರಸ್ ಜ್ವರಗಳು. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಆರರ ಪೈಕಿ ಒಂದಕ್ಕೂ ಲಸಿಕೆಯಿಲ್ಲ. ತಾಯಿ ಕಾರ್ಡಿನಲ್ಲಿರುವುದು ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ರೋಟಾ, ದಡಾರ-ರುಬೆಲ್ಲಾ. ಇವು ಮಕ್ಕಳ ಜೀವ ಉಳಿಸುವ ಲಸಿಕೆಗಳು, ಒಂದೊಂದೂ ಅಮೂಲ್ಯ. ಆದರೆ ಮದ್ದೂರಿನ ಮಗುವೊಂದಕ್ಕೆ ಮೂರೂ ಡೋಸ್ ಪೆಂಟಾ ಬಿದ್ದಿದೆ ಎಂಬ ದಾಖಲೆ ಆಂಥ್ರಾಕ್ಸ್ ಬಂದ ದಿನ ಯಾವ ಅಧಿಕಾರಿಗೂ ಏನನ್ನೂ ಹೇಳುವುದಿಲ್ಲ. ಸಿಡುಬಿನ ದಾಕು ಹಾಕಿಸಿಕೊಂಡ ನಮ್ಮ ಹಿರಿಯರ ತೋಳಿನ ಮೇಲೆ ಇವತ್ತಿಗೂ ಕಲೆ ಇದೆ. ಆ ಕಲೆ ಯಾವ ಪೋರ್ಟಲ್ಲಿನಲ್ಲೂ ಇಲ್ಲ. ಇದ್ದರೂ ಇಷ್ಟು ದಶಕಗಳ ನಂತರ ಎಷ್ಟು ರಕ್ಷಣೆ ಉಳಿದಿದೆ ಎಂದು ಅದು ತಿಳಿಸದು. ನಿಫಾಕ್ಕಂತೂ ಬಳಕೆಗೆ ಬಂದ ಲಸಿಕೆಯೇ ಇಲ್ಲ. ಮೂಲೆಹೊಳೆಯಲ್ಲಿ ಥರ್ಮಾಮೀಟರ್ ಹಿಡಿದು ನಿಲ್ಲುವ ಸಿಬ್ಬಂದಿಗೆ ಲಸಿಕೆಯ ಪಟ್ಟಿ ಕೊಟ್ಟು ಪ್ರಯೋಜನವೇನು?

ಈ ವಾದಕ್ಕೆ ಸಾಕ್ಷಿ ಹುಡುಕಿಕೊಂಡು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ, ನಮ್ಮ ಮಂಗನ ಕಾಯಿಲೆಯೇ ಸಾಕು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸಾಯತೊಡಗಿದವು, ಬೆನ್ನಿಗೆ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಮೊದಲು ಹಳದಿ ಜ್ವರವಿರಬಹುದೇ ಎಂದು ಗಾಬರಿಯಾದರು. ಅದಲ್ಲ, ಉಣ್ಣೆ ಹುಳುವಿನಿಂದ ಹರಡುವ ಹೊಸ ವೈರಸ್ ಎಂದು ಗೊತ್ತಾಯಿತು. ರಷ್ಯಾದ ಕಾಡುಗಳಲ್ಲಿನ ವೈರಸ್ಸುಗಳಿಗೆ ಇದು ಹತ್ತಿರದ ಸಂಬಂಧಿ. ವಲಸೆ ಹಕ್ಕಿಗಳು ಉಣ್ಣೆ ಹೊತ್ತು ತಂದಿರಬಹುದೇ ಎಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರ ತಂಡ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸಿ ಅಧ್ಯಯನ ಮಾಡಿತು. ಮುಂದೆ ಹಕ್ಕಿ ವಲಸೆಯ ಸಂಶೋಧನೆಗೆ ಅಮೆರಿಕದ ಸೇನೆಯ ಹಣ ಬಂದಿದೆ ಎಂಬ ವಿಷಯ ಹೊರಬಿದ್ದು, 1970ರ ದಶಕದಲ್ಲಿ ಜೈವಿಕ ಯುದ್ಧದ ತಯಾರಿಯಿದು ಎಂಬ ಆರೋಪ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದಿತು. ಆ ಗದ್ದಲದ ನಡುವೆ ಮಲೆನಾಡಿನಲ್ಲಿ ನಡೆದದ್ದು ಬೇರೆಯೇ. ಜಾರ್ಜ್ ಬೋಷೆಲ್ ಎಂಬ ವಿಜ್ಞಾನಿ 1969ರಲ್ಲಿಯೇ ಬರೆದಂತೆ, ಕಾಡು ಕಡಿದು ಗದ್ದೆ ತೋಟ ಮಾಡಿ, ಕಾಡಂಚಿನಲ್ಲಿ ದನ ಮೇಯಿಸಿದಾಗ ಉಣ್ಣೆಗಳು ಹೆಚ್ಚಿದವು, ಮನುಷ್ಯನಿಗೆ ಹತ್ತಿರವಾದವು. ಶತ್ರು ದೇಶ ಬೇಕಾಗಿರಲಿಲ್ಲ. ಈ ವೈರಸ್ ಇಂದಿಗೂ ಅಮೆರಿಕದ ನಿಯಂತ್ರಿತ ಅಪಾಯಕಾರಿ ರೋಗಾಣುಗಳ ಪಟ್ಟಿಯಲ್ಲಿದೆ, ಅಂದರೆ ಕೆಟ್ಟ ಕೈಗೆ ಸಿಕ್ಕರೆ ಆಯುಧವಾದೀತು ಎಂದು ಅಲ್ಲಿನವರು ಬೀಗ ಹಾಕಿ ಇಟ್ಟಿದ್ದಾರೆ. ನಮ್ಮ ಸೌದೆ ಆರಿಸುವ ಹೆಂಗಸರು, ದರಗು ಗುಡಿಸುವ ಕೂಲಿಗಳು ಅದನ್ನು ದಿನವೂ ಎದುರಿಸುತ್ತಾರೆ.

ಇದಕ್ಕೆ ಲಸಿಕೆ ಇತ್ತು. ಮಂಗ ಸತ್ತ ಅಥವಾ ರೋಗ ಕಂಡ ಜಾಗದ ಸುತ್ತ 5 ಕಿಲೋಮೀಟರಿನ ಹಳ್ಳಿಗಳಲ್ಲಿ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ. ಚುಚ್ಚಿದರೆ ತೋಳು ಉರಿಯುವ ಲಸಿಕೆ. ಜನ ಎರಡನೆಯ ಸಲ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಡೋಸಿನಿಂದ ಸಿಗುವ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ಎಂದು ತೋರಿಸಿತು. ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಇದು ಲಸಿಕೆಯ ದಾಖಲೆ ಇದ್ದುದರಿಂದಲೇ ತಿಳಿದ ಸತ್ಯ, ಅದನ್ನು ನಾನು ಮರೆಯುವುದಿಲ್ಲ. ಆದರೆ ಮುಂದಿನದನ್ನೂ ನೋಡಿ. ಲಸಿಕೆಯ ತಾಕತ್ತು ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಎಷ್ಟೋ ಮಲೆನಾಡಿಗರ ಹೆಸರಿನ ಮುಂದೆ ‘ಡೋಸ್ ಆಗಿದೆ’ ಎಂಬ ಗುರುತು ಹಾಗೆಯೇ ಇದೆ, ಅದರ ಹಿಂದೆ ಇರಬೇಕಾದ ರಕ್ಷಣೆ ಇಲ್ಲ. ಪಟ್ಟಿಯೊಂದನ್ನೇ ನೋಡಿ ದಾಳಿಯ ದಿನ ತೀರ್ಮಾನ ಮಾಡುವ ಅಧಿಕಾರಿ ಈ ಜನ ಸುರಕ್ಷಿತರು ಎಂದುಕೊಂಡಾನು.

ಬಂಡೀಪುರದ ಕಥೆ ಇದಕ್ಕಿಂತ ನಿಚ್ಚಳ. 2012ರವರೆಗೆ ಮಂಗನ ಕಾಯಿಲೆಯೆಂದರೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಾಯಿಲೆ ಎಂದೇ ಲೆಕ್ಕ. ಚಾಮರಾಜನಗರ ಆ ಲೆಕ್ಕದಲ್ಲಿ ಇರಲೇ ಇಲ್ಲ. ಇಲ್ಲಿನ ಯಾರ ಹೆಸರೂ ಆ ಲಸಿಕೆಯ ರಿಜಿಸ್ಟರಿನಲ್ಲಿ ಇರಬೇಕಾದ ಪ್ರಮೇಯವಿರಲಿಲ್ಲ. 2012ರ ನವೆಂಬರಿನಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಅವುಗಳ ಮರಣೋತ್ತರ ಪರೀಕ್ಷೆಯಲ್ಲಿ ಕೈಜೋಡಿಸಿದ, ಕಳೇಬರಗಳನ್ನು ಸುಟ್ಟ ಅರಣ್ಯ ಕೆಲಸಗಾರರಿಗೆ ಜ್ವರ ಬಂತು. ಪುಣೆಯ ಪ್ರಯೋಗಾಲಯ ಮಂಗನ ಕಾಯಿಲೆಯೆಂದು ಖಚಿತಪಡಿಸಿತು. ರೋಗ ಅಲ್ಲಿಗೆ ನಿಲ್ಲಲಿಲ್ಲ. 2013ರಲ್ಲಿ ಬಂಡೀಪುರಕ್ಕೆ ಹೊಂದಿಕೊಂಡ ವಯನಾಡಿನಲ್ಲಿ ಮೊದಲ ರೋಗಿ ಸಿಕ್ಕಿದರು, 2015ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮಂದಿ ಮಲಗಿದರು, ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಹೀಗೆ ಐದು ಜಿಲ್ಲೆಗಳ ಗೆರೆ ದಾಟಿ ರೋಗ ಬಂದಾಗ ಮೊದಲ ಸುಳಿವು ಕೊಟ್ಟವರು ಯಾರು? ಕಾಡಿನಲ್ಲಿ ಬೀಟ್ ತಿರುಗುವಾಗ ಸತ್ತ ಮಂಗ ಕಂಡು ಮೇಲಿನವರಿಗೆ ತಿಳಿಸಿದ ಅರಣ್ಯ ಸಿಬ್ಬಂದಿ. ಪರೀಕ್ಷೆಗೆ ಮಾದರಿ ಕಳಿಸಿದ ಪಶುವೈದ್ಯರು. ‘ಇದು ಮಾಮೂಲಿ ಜ್ವರವಲ್ಲ’ ಎಂದು ಅನುಮಾನಿಸಿದ ವೈದ್ಯರು. ದಾಳಿ ಮಾಡುವವನು ಕೂಡ ನಾವು ತಯಾರಾಗಿ ಕೂತಿರುವ ಜಿಲ್ಲೆಯನ್ನೇ ಆರಿಸಿಕೊಳ್ಳುತ್ತಾನೆ ಎಂದು ಏಕೆ ಅಂದುಕೊಳ್ಳಬೇಕು? ಗೊತ್ತಿದ್ದ ರೋಗ ಗೊತ್ತಿಲ್ಲದ ಜಾಗದಲ್ಲಿ ಕಾಣಿಸಿಕೊಳ್ಳುವುದೇ ಇಂಥ ಆಪತ್ತಿನ ಲಕ್ಷಣ, ಅದು ಸಹಜವಾಗಿ ಬಂದಿರಲಿ, ಯಾರಾದರೂ ತಂದಿರಲಿ.

ಕೇಡು ಬಯಸಿ ಮಾಡಿದ ಕೃತ್ಯವನ್ನೂ ಈ ಜಿಲ್ಲೆ ಕಂಡಿದೆ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಹಂಚಿದ ಪ್ರಸಾದದಲ್ಲಿ ಕೀಟನಾಶಕ ಬೆರೆಸಲಾಗಿತ್ತು. 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ರೋಗಾಣುವಲ್ಲ, ವಿಷ, ಆದರೂ ಅದರ ನಡೆ ಜೈವಿಕ ದಾಳಿಯದೇ. ನಂಬಿಕೆಯಿಂದ ತಿಂದ ಅನ್ನದ ಮೂಲಕ ಕೇಡು ಬಂತು, ಒಂದೇ ಹೊತ್ತಿಗೆ ಹತ್ತಾರು ಜನ ಕುಸಿದರು, ಏನಾಗುತ್ತಿದೆ ಎಂದು ಮೊದಲ ಗಂಟೆಗಳಲ್ಲಿ ಯಾರಿಗೂ ತಿಳಿಯಲಿಲ್ಲ. ಅಮೆರಿಕದ ಓರೆಗಾನ್ ರಾಜ್ಯದ ದ ಡ್ಯಾಲೆಸ್ ಪಟ್ಟಣದಲ್ಲಿ 1984ರಲ್ಲಿ ರಜನೀಶ್ ಅನುಯಾಯಿಗಳು ಹೋಟೆಲುಗಳ ಸಲಾಡಿಗೆ ಸಾಲ್ಮೊನೆಲ್ಲಾ ಬೆರೆಸಿದಾಗಲೂ ಹೀಗೆಯೇ ಆಗಿತ್ತು. 751 ಮಂದಿ ವಾಂತಿಭೇದಿಯಿಂದ ನರಳಿದರು. ಹೋಟೆಲಿನ ಕೆಲಸಗಾರರ ಕೈ ಶುಚಿಯಿಲ್ಲದ್ದೇ ಕಾರಣವೆಂದು ಮೊದಲು ಅಂದುಕೊಂಡರು. ಬೇಕೆಂದೇ ಮಾಡಿದ್ದು ಎಂಬುದು ಮರುವರ್ಷ ಬಯಲಾಯಿತು. ಸುಳ್ವಾಡಿಯಲ್ಲಿ ಬದುಕಿದವರು ಬದುಕಿದ್ದು ಆಂಬುಲೆನ್ಸ್ ಸಿಕ್ಕಿದ್ದರಿಂದ, ಲಕ್ಷಣ ನೋಡಿ ವಿಷ ಯಾವುದಿರಬಹುದು ಎಂದು ವೈದ್ಯರು ಗುರುತಿಸಿದ್ದರಿಂದ, ಮೈಸೂರಿನ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಇದ್ದುದರಿಂದ. ಲಸಿಕೆ ನೋಂದಣಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಪಟ್ಟಿ ತುಂಬಿದರೆ ಕೆಲಸ ಮುಗಿಯಿತು ಎಂಬ ನಂಬಿಕೆಗೆ ನಮ್ಮ ದೇಶ ಹಿಂದೆಯೂ ಬೆಲೆ ತೆತ್ತಿದೆ. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಶೇ. 80ರಷ್ಟು ಜನಕ್ಕೆ ದಾಕು ಹಾಕಿಬಿಟ್ಟರೆ ಸಿಡುಬು ಹೋಗುತ್ತದೆ ಎಂದು ಲೆಕ್ಕ ಹಾಕಿದ್ದರು. ಲೆಕ್ಕವೇನೋ ತುಂಬಿತು. ಶಾಲೆಯಲ್ಲಿ ಸುಲಭಕ್ಕೆ ಸಿಗುವ ಅದೇ ಮಕ್ಕಳಿಗೆ ಮತ್ತೆ ಮತ್ತೆ ಚುಚ್ಚಿ ಗುರಿ ಮುಟ್ಟಿಸಿದ ಕಡೆಗಳಿದ್ದವು. ಕೂಲಿಗೆ ಹೋದವರು, ಅಲೆಮಾರಿಗಳು, ಊರಾಚೆಯ ಕೇರಿಯವರು ಹೊರಗುಳಿದರು. ಪುಸ್ತಕದಲ್ಲಿ ಸಿಡುಬು ಸೋತಿತ್ತು, ಊರಿನಲ್ಲಿ ಗೆಲ್ಲುತ್ತಲೇ ಇತ್ತು. 1973ರ ನಂತರ ಕ್ರಮ ಬದಲಾಯಿತು. ಆರೋಗ್ಯ ಕಾರ್ಯಕರ್ತರು ಸಿಡುಬಿನ ಮಗುವಿನ ಚಿತ್ರದ ಕಾರ್ಡು ಹಿಡಿದು ಮನೆ ಮನೆಗೆ ಹೋಗಿ ‘ಇಂಥದ್ದು ಎಲ್ಲಾದರೂ ಕಂಡಿರಾ?’ ಎಂದು ಕೇಳಿದರು. ಸಂತೆಯಲ್ಲಿ ಕೇಳಿದರು, ಶಾಲೆಯಲ್ಲಿ ಕೇಳಿದರು. ಸುದ್ದಿ ಕೊಟ್ಟವರಿಗೆ ಬಹುಮಾನವಿತ್ತು, ಕೊನೆಗೆ ಅದು 1,000 ರೂಪಾಯಿಗೆ ಏರಿತು. ಒಂದು ಮನೆಯಲ್ಲಿ ರೋಗ ಕಂಡರೆ ಸುತ್ತಲಿನವರಿಗೆಲ್ಲ ಕವಲು ಸೂಜಿಯಿಂದ ಚುಚ್ಚಿ ರೋಗವನ್ನು ಅಲ್ಲಿಯೇ ಕಟ್ಟಿಹಾಕಿದರು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ರೋಗಿ ಸಿಕ್ಕಿದರು. ಹನ್ನೊಂದು ವರ್ಷ ಅಂಕಿ ತುಂಬಿಸಿದರೂ ಹೋಗದ ರೋಗ, ಹುಡುಕಿಕೊಂಡು ಹೋದಮೇಲೆ ಎರಡೇ ವರ್ಷದಲ್ಲಿ ಹೋಯಿತು. ಸಿಡುಬಿನ ದಾಳಿಗೆ ಲಸಿಕೆಯ ಪಟ್ಟಿಯೇ ಸಿದ್ಧತೆ ಎನ್ನುವವರು ಈ ಇತಿಹಾಸವನ್ನು ಹೇಗೆ ದಾಟಿಹೋಗುತ್ತಾರೆ ಎಂಬುದು ನನಗೆ ಅರ್ಥವಾಗುವುದಿಲ್ಲ.

ಪೋಲಿಯೊ ವಿಷಯದಲ್ಲೂ ಅಷ್ಟೇ. ಲಸಿಕೆ ಆದ ಮನೆಯ ಬಾಗಿಲಿಗೆ ‘ಪಿ’, ಆಗದ ಮನೆಗೆ ‘ಎಕ್ಸ್’ ಎಂದು ಸೀಮೆಸುಣ್ಣದಲ್ಲಿ ಬರೆದು, ‘ಎಕ್ಸ್’ ಮನೆಗಳಿಗೆ ಮತ್ತೆ ಮತ್ತೆ ಹೋದರು. ಅದೂ ಒಂದು ನೋಂದಣಿಯೇ. ಅದರ ಬೆಲೆ ಇದ್ದದ್ದು ಮಾರನೆಯ ದಿನ ಆ ಬಾಗಿಲು ತಟ್ಟಿದವರಿಂದ.

ಈ ವಾದದ ಎದುರು ಪಕ್ಷಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ಲೂಸಿಯಾನಾ ರಾಜ್ಯವನ್ನು ಮುಳುಗಿಸಿದಾಗ ಸಾವಿರಾರು ಕುಟುಂಬಗಳು ಕಾಗದಪತ್ರವಿಲ್ಲದೆ ಟೆಕ್ಸಾಸಿನ ಹ್ಯೂಸ್ಟನ್ನಿಗೆ ಓಡಿಬಂದವು. ಲೂಸಿಯಾನಾದ ಲಸಿಕೆ ನೋಂದಣಿ ಉಳಿದಿತ್ತು. ಹ್ಯೂಸ್ಟನ್ನಿನವರು ಅದನ್ನು ತೆರೆದು ನೋಡಿ ಮಕ್ಕಳಿಗೆ ಮತ್ತೆ ಚುಚ್ಚದೆ ಶಾಲೆಗೆ ಸೇರಿಸಿಕೊಂಡರು. 2009ರ ಎಚ್1ಎನ್1 ಸಮಯದಲ್ಲೂ ಅಲ್ಲಿನ ಹಲವು ರಾಜ್ಯಗಳಿಗೆ ಲಸಿಕೆ ಹಂಚಲು ಇಂಥ ನೋಂದಣಿ ನೆರವಾಯಿತು. ನಮ್ಮ ಕೋವಿನ್ ಕೂಡ ಕೋಟಿಗಟ್ಟಲೆ ಜನರ ಎರಡನೆಯ ಡೋಸಿನ ಲೆಕ್ಕ ಇಟ್ಟಿತು. ಇವೆಲ್ಲ ನಿಜವಾದ ಉಪಯೋಗಗಳು. ಆದರೆ ಲೂಸಿಯಾನಾದ ನೋಂದಣಿಯನ್ನು ಯಾರೂ ಚಂಡಮಾರುತಕ್ಕೆಂದು ಕಟ್ಟಿರಲಿಲ್ಲ. ದಿನನಿತ್ಯ ಮಕ್ಕಳ ಲಸಿಕೆಗೆ ಬಳಸುತ್ತಿದ್ದರು, ದಾದಿಯರಿಗೆ ಕೈಬಳಕೆಯಾಗಿತ್ತು, ತಾಯಂದಿರಿಗೆ ನಂಬಿಕೆಯಿತ್ತು. ಆಪತ್ತಿನಲ್ಲಿ ಉಪಯೋಗಕ್ಕೆ ಬಂತು. ಇನ್ನೂ ಒಂದು. ಆ ಲೆಕ್ಕ ಉಪಯೋಗಕ್ಕೆ ಬಂದದ್ದು ಆಚೆ ಶಾಲೆ, ದವಾಖಾನೆ, ಸಿಬ್ಬಂದಿ ಎಲ್ಲ ಇದ್ದುದರಿಂದ. 2021ರ ಏಪ್ರಿಲ್ 28ರಂದು 18 ದಾಟಿದವರಿಗೆಲ್ಲ ಕೋವಿನ್‌ನಲ್ಲಿ ಹೆಸರು ಬರೆಸಲು ಅವಕಾಶ ತೆರೆಯಿತು. ಅದೇ ವಾರ, ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಬೆಳಗಾಗುವಷ್ಟರಲ್ಲಿ 24 ಸಾವಿನ ಸುದ್ದಿ. ನಮ್ಮ ಜಿಲ್ಲೆಯ ಸಿದ್ಧತೆಯ ಬಗ್ಗೆ ಮಾತನಾಡುವ ಯಾರೇ ಆಗಲಿ ಆ ರಾತ್ರಿಯಿಂದ ಮಾತು ಶುರುಮಾಡಬೇಕು.

ಈಗ ನನ್ನ ಮುಖ್ಯ ಭಯಕ್ಕೆ ಬರುತ್ತೇನೆ. ಲಸಿಕೆಯ ಪಟ್ಟಿಗೆ ಭದ್ರತೆಯ ಕೆಲಸ ಅಂಟಿಸಿದರೆ ಅದನ್ನು ನೋಡುವ ಹಕ್ಕು ಭದ್ರತೆಯವರಿಗೂ ಬೇಕಾಗುತ್ತದೆ. 2011ರಲ್ಲಿ ಪಾಕಿಸ್ತಾನದ ಅಬೊಟಾಬಾದಿನಲ್ಲಿ ಒಸಾಮಾ ಬಿನ್ ಲಾಡೆನ್ ಇರುವ ಮನೆಯನ್ನು ಖಚಿತಪಡಿಸಿಕೊಳ್ಳಲು ಸಿಐಎ ಹೆಪಟೈಟಿಸ್ ಬಿ ಲಸಿಕೆಯ ಹೆಸರಿನಲ್ಲಿ ವೈದ್ಯರೊಬ್ಬರನ್ನು ಬಳಸಿಕೊಂಡಿತು. ವಿಷಯ ಬಯಲಾದ ಮೇಲೆ ಲಸಿಕೆಯವರೆಂದರೆ ಗೂಢಚಾರರು ಎಂಬ ಮಾತು ಹಬ್ಬಿತು. ಪೋಲಿಯೊ ಹನಿ ಹಾಕಲು ಹೋದ ಹೆಂಗಸರನ್ನು ಗುಂಡಿಟ್ಟು ಕೊಂದರು. ಇನ್ನು ಮುಂದೆ ಲಸಿಕೆ ಕಾರ್ಯಕ್ರಮವನ್ನು ಗೂಢಚರ್ಯೆಗೆ ಬಳಸುವುದಿಲ್ಲ ಎಂದು ಅಮೆರಿಕ 2014ರಲ್ಲಿ ಮಾತು ಕೊಟ್ಟಿತು. ಪಾಕಿಸ್ತಾನದಿಂದ ಪೋಲಿಯೊ ಇನ್ನೂ ತೊಲಗಿಲ್ಲ. ನಮ್ಮಲ್ಲಿ 1897ರಲ್ಲಿ ಪುಣೆಯ ಪ್ಲೇಗಿಗೆ ಸೈನಿಕರನ್ನು ಮನೆಯೊಳಗೆ ಬಿಟ್ಟಿದ್ದರ ಫಲವಾಗಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾದದ್ದು ಎಲ್ಲರೂ ಓದಿರುವ ಇತಿಹಾಸ. ರೋಗ ನಿಯಂತ್ರಣ ಪೊಲೀಸರ ವೇಷ ತೊಟ್ಟಾಗಲೆಲ್ಲ ಜನ ರೋಗಿಯನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ರೋಗಿಯೇ ದಾಳಿ ಮಾಡುವವನಿಗೆ ಬೇಕಾದ ಸಹಾಯ.

ನಮ್ಮ ಕಾನೂನು ಇದಕ್ಕೆ ತಡೆ ಹಾಕುತ್ತದೆಯೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 17ನೇ ಸೆಕ್ಷನ್, ದೇಶದ ಭದ್ರತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಸರ್ಕಾರ ಸೂಚಿಸುವ ಸಂಸ್ಥೆಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡುತ್ತದೆ. ಲಸಿಕೆಯ ನೋಂದಣಿಯನ್ನು ಭದ್ರತೆಯ ಸಾಧನವೆಂದು ಕರೆದ ದಿನವೇ ಆ ಬಾಗಿಲು ತೆರೆದಂತೆ. 2023ರ ಜೂನಿನಲ್ಲಿ ಕೋವಿನ್‌ನಲ್ಲಿ ಕೊಟ್ಟಿದ್ದ ವಿವರಗಳು ಟೆಲಿಗ್ರಾಂ ಬಾಟ್ ಒಂದರಲ್ಲಿ ಯಾರು ಕೇಳಿದರೂ ಸಿಗುತ್ತಿದ್ದವು. ಪೋರ್ಟಲ್ಲಿಗೆ ನೇರವಾಗಿ ಕನ್ನ ಬಿದ್ದಿಲ್ಲ ಎಂದು ಸರ್ಕಾರ ಹೇಳಿತು. ಆಧಾರ್ ಸಂಖ್ಯೆ, ಫೋನ್ ನಂಬರು ಬೀದಿಗೆ ಬಿದ್ದವರಿಗೆ ಆ ವ್ಯತ್ಯಾಸದಿಂದ ಸಮಾಧಾನವಾಗಲಾರದು. ಕೇಡು ಮಾಡುವವನ ಕಡೆಯಿಂದಲೂ ಯೋಚಿಸಬೇಕು. ಯಾವ ಹಳ್ಳಿಯಲ್ಲಿ ಯಾವ ಲಸಿಕೆ ಆಗಿಲ್ಲ ಎಂದು ಒಂದೆಡೆ ಕೂಡಿಸಿಟ್ಟ ಪಟ್ಟಿ ಅವನ ಕೈಗೆ ಸಿಕ್ಕರೆ ಅದೇ ಅವನಿಗೆ ದಾರಿ ತೋರುವ ನಕ್ಷೆ.

ಪಟ್ಟಿಯ ಹೊರಗೆ ಇರುವವರು ಯಾರು ಎಂಬುದನ್ನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ನಿಂತು ನೋಡಬೇಕು. ಕಾಡಂಚಿನ ಹಾಡಿಗಳ ಜೇನುಕುರುಬರು, ಸೋಲಿಗರು ಕೊಡಗಿನ ಕಾಫಿ ತೋಟಕ್ಕೂ ವಯನಾಡಿನ ಶುಂಠಿ, ಮೆಣಸಿನ ಕೆಲಸಕ್ಕೂ ಹೋಗುತ್ತಾರೆ, ಮಕ್ಕಳನ್ನು ಕರೆದುಕೊಂಡೇ ಹೋಗುತ್ತಾರೆ. ಮಗುವಿನ ಒಂದು ಡೋಸ್ ಕರ್ನಾಟಕದಲ್ಲಿ, ಇನ್ನೊಂದು ಕೇರಳದಲ್ಲಿ, ಮೂರನೆಯದು ಎಲ್ಲೂ ಇಲ್ಲ. ಚೊಚ್ಚಲು ಬಸುರಿ ತವರಿಗೆ ಹೋಗುತ್ತಾಳೆ, ಹುಟ್ಟಿದ ಮಗುವಿನ ಮೊದಲ ತಿಂಗಳುಗಳ ಲಸಿಕೆ ತವರಿನ ಉಪಕೇಂದ್ರದಲ್ಲಿ ಆಗುತ್ತದೆ, ಗಂಡನ ಊರಿನ ಲೆಕ್ಕದಲ್ಲಿ ಆ ಮಗು ‘ಬಾಕಿ’. ಕಾಡಿನ ನಡುವೆ ನೆಟ್‌ವರ್ಕ್ ಸಿಗದ ಕಡೆ ಸಿಸ್ಟರ್ ಕಾಗದದಲ್ಲಿ ಬರೆದುಕೊಂಡು, ಸಿಗ್ನಲ್ ಸಿಗುವ ಕಡೆ ಬಂದು ಫೋನಿಗೆ ಹಾಕುತ್ತಾರೆ. ಇವುಗಳನ್ನು ಸರಿಮಾಡುವವರು ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿಯವರು. ಯಾರ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಶುಂಠಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂಬುದು ಅವರಿಗೆ ಗೊತ್ತು. ಒಂದು ಹಾಡಿಯಲ್ಲಿ ಒಂದೇ ವಾರ ಮೂರು ಮನೆಯಲ್ಲಿ ಜ್ವರ ಬಂದರೆ ಮೊದಲು ಗಮನಿಸುವವರೂ ಅವರೇ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅದಕ್ಕೂ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕು. ಜೈವಿಕ ದಾಳಿಯ ಸಿದ್ಧತೆಗೆ ಹಣವಿದ್ದರೆ ಅದರ ಮೊದಲ ಪಾಲು ಅವರದು.

ಹಾಗಾದರೆ ನೋಂದಣಿಯನ್ನು ಏನು ಮಾಡಬೇಕು? ಅದರ ಗುರಿಯನ್ನು ಚಿಕ್ಕದು ಮಾಡಿ, ಕೆಲಸವನ್ನು ದೊಡ್ಡದು ಮಾಡಬೇಕು. ಇವತ್ತು ಬಾಕಿ ಇರುವ ಮಗುವನ್ನು ಹುಡುಕುವುದೇ ಅದರ ಗುರಿಯಾಗಿರಲಿ. ವಯನಾಡಿನ ದವಾಖಾನೆಯಲ್ಲಿ ಹಾಕಿದ ಡೋಸ್ ಮದ್ದೂರಿನ ಸಿಸ್ಟರ್‌ಗೆ ಕಾಣುವಂತಾಗಲಿ. ಉಪಕೇಂದ್ರದಲ್ಲಿ ಕಾಗದದ ರಿಜಿಸ್ಟರ್ ಕಡ್ಡಾಯವಾಗಿ ಉಳಿಯಲಿ, ಏಕೆಂದರೆ ದಾಳಿಯ ದಿನ ಕರೆಂಟೂ ಇಂಟರ್ನೆಟ್ಟೂ ಇರುತ್ತವೆ ಎಂದು ಯಾರೂ ಭರವಸೆ ಕೊಡಲಾರರು. ಮಕ್ಕಳ ಜೊತೆಗೆ, ರೋಗಕ್ಕೆ ಮೊದಲು ಎದೆಯೊಡ್ಡುವ ದೊಡ್ಡವರ ಒಂದು ಸಣ್ಣ ದಾಖಲೆ ಬೇಕು: ಅರಣ್ಯ ವೀಕ್ಷಕರು, ಪಶುವೈದ್ಯ ಸಹಾಯಕರು, ಆಂಬುಲೆನ್ಸ್ ಚಾಲಕರು, ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ. 2012ರಲ್ಲಿ ಸತ್ತ ಮಂಗ ಎತ್ತುವ ಕೆಲಸ ಇಂಥವರ ಪಾಲಿಗೇ ಬಂದಿತ್ತು. ಇವರಿಗೆ ಗ್ಲೌಸು, ಲಸಿಕೆ, ಜ್ವರ ಬಂದರೆ ಎಲ್ಲಿಗೆ ಹೋಗಬೇಕೆಂಬ ತಿಳಿವಳಿಕೆ, ರಜೆಯ ಸಂಬಳ ಸಿಗಲಿ. ಅರಣ್ಯ, ಪಶುಸಂಗೋಪನೆ, ಆರೋಗ್ಯ ಇಲಾಖೆಯವರು ತಾಲ್ಲೂಕು ಮಟ್ಟದಲ್ಲಿ ಒಂದೇ ಮೇಜಿನ ಸುತ್ತ ಕೂರಲಿ. 2008ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಜೈವಿಕ ವಿಪತ್ತು ಮಾರ್ಗಸೂಚಿಯಲ್ಲಿ ಇಲಾಖೆಗಳು ಹೀಗೆ ಕೂಡಿ ಕೆಲಸ ಮಾಡಬೇಕೆಂಬ ಮಾತು ಆಗಲೇ ಇದೆ, ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. ಮತ್ತು ಲಸಿಕೆಯ ದಾಖಲೆಯನ್ನು ಪೊಲೀಸರಾಗಲಿ ಗುಪ್ತಚರರಾಗಲಿ ಯಾವ ಕಾರಣಕ್ಕೂ ನೋಡುವಂತಿಲ್ಲ ಎಂದು ಕಾನೂನಿನಲ್ಲಿ ಬರೆದಿಡಬೇಕು. ಬರೆದದ್ದನ್ನು ತಾಯಂದಿರಿಗೆ ಓದಿ ಹೇಳಬೇಕು.

ನಮ್ಮ ಪ್ರತಿ ಹಳ್ಳಿಯಲ್ಲೂ ಕಾಗದದ ಮೇಲೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ಗುಂಡ್ಲುಪೇಟೆಯವರಾಗಲಿ, ಕೊಳ್ಳೇಗಾಲದವರಾಗಲಿ, ಸಾಗರದವರಾಗಲಿ, ಇದನ್ನು ಓದುವವರು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ನಮ್ಮ ಉಪಕೇಂದ್ರದಲ್ಲಿ ಸಿಸ್ಟರ್ ಹುದ್ದೆ ಭರ್ತಿಯಾಗಿದೆಯೇ? ಈ ತಿಂಗಳು ಲಸಿಕೆ ತಪ್ಪಿದ ಮಕ್ಕಳು ಯಾರ ಮನೆಯವರು, ಅವರು ಈಗ ಎಲ್ಲಿದ್ದಾರೆ? ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಯಾರಿಗೆ ಫೋನ್ ಮಾಡಬೇಕು? ಉತ್ತರ ಸಿಗುವವರೆಗೆ ಕೂರಬೇಡಿ.